ಆಯಿಲ್‌ನಲ್ಲಿ ಮಿನುಗು ಕಂಡವರ ಕೈಪಿಡಿ

ಹಳೆಯ ಡೀಸೆಲ್ ಜೀಪು ಸಾಕಿಕೊಂಡಿರುವ ಮಲೆನಾಡಿನ ಸಮಸ್ತ ಮಾಲೀಕರಿಗೂ ಈ ಕೈಪಿಡಿ ಅನ್ವಯಿಸುತ್ತದೆ. ಓದಿದ ಮೇಲೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ, ಅವಧಿ ಮುಗಿದ ಇನ್ಶೂರೆನ್ಸ್ ಕಾಗದದ ಪಕ್ಕದಲ್ಲಿಡಿ.

ಬೇಕಾಗುವ ಸಾಮಾನು: ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಬಿಳಿ ಪಿಂಗಾಣಿ ತಟ್ಟೆ (ಇದು ಮತ್ತೆ ಅಡುಗೆಮನೆ ಸೇರುವಂತಿಲ್ಲ), ಹರಿತವಾದ ತಗಡು ಕತ್ತರಿ, ನೀವು ಹೇಳಿದ್ದಕ್ಕೆಲ್ಲ ತಲೆಯಾಡಿಸದ ಒಬ್ಬ ಮೇಸ್ತ್ರಿ. ಕೊನೆಯದು ಸಿಗದಿದ್ದರೆ ಮುಂದೆ ಓದಬೇಡಿ.

ಹಂತ 1: ಇಳಿಸಿ ನೋಡುವುದು. ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ, ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿಯಿರಿ. ಮಿನುಗು ಕಂಡರೆ ಖುಷಿಪಡಬೇಡಿ. ಅದು ಆಯಿಲ್‌ನ ಗುಣವಲ್ಲ, ಎಂಜಿನ್ನಿನ ಆಯಸ್ಸು. ಈ ಗಳಿಗೆಯಲ್ಲಿ ಹೊಸ ಆಯಿಲ್ ತುಂಬಿಸಿ, ಸಂಜೆಯೊಳಗೆ ಜೀಪನ್ನು ಭಾವನಿಗೆ ಮಾರಿಬಿಡುವ ಯೋಚನೆ ಬಂದೇ ಬರುತ್ತದೆ. ಅದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ಹಂತ 2: ಪುಡಿಯ ಜಾತಕ. ಹಳೆಯ ಫಿಲ್ಟರಿನ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಚ್ಚಿ, ಅಕ್ಕಸಾಲಿಯ ಅಂಗಡಿಯ ಧೂಳಿನಲ್ಲಿ ಚಿನ್ನ ಅರಸುವವರಷ್ಟು ಶ್ರದ್ಧೆಯಿಂದ ಹುಡುಕಿ. ಅಯಸ್ಕಾಂತಕ್ಕೆ ಅಂಟಿದ್ದು ಕಬ್ಬಿಣ, ಉಕ್ಕು: ರಿಂಗು, ಗೇರು, ಕ್ರ್ಯಾಂಕ್, ಯಾವುದರದ್ದೂ ಇರಬಹುದು. ಬೆರಳಿಗೆ ಹತ್ತದಷ್ಟು ನುಣ್ಣನೆಯ ಬೂದು ಕೆಸರು ಸ್ವಲ್ಪವಿದ್ದರೆ ಅದು ವಯೋಸಹಜ, ನಮ್ಮ ಮಂಡಿನೋವಿನ ಹಾಗೆ. ಅಂಟದೆ ಬೆಳ್ಳಗೆ ಹೊಳೆದರೆ ಪಿಸ್ಟನ್ನಿನ ಅಲ್ಯೂಮಿನಿಯಂ, ಇಲ್ಲವೇ ಬೇರಿಂಗಿನ ಮೆತ್ತನೆಯ ಮೇಲ್ಪದರ. ತಾಮ್ರದ ಬಣ್ಣ ಕಂಡಿತೋ, ಮೇಲ್ಪದರ ಸವೆದು ಒಳಪದರವೇ ಉದುರುತ್ತಿರುವ ಸಂಭವ ಹೆಚ್ಚು. ಕೂಡಲೇ ಗಾಡಿ ನಿಲ್ಲಿಸಿ. ‘ಮನೆವರೆಗೆ ಹೋಗಿಬಿಡೋಣ’ ಎಂಬ ಮಾತು ಕ್ರ್ಯಾಂಕ್ ಶಾಫ್ಟಿನ ಬೆಲೆ ಬಾಳುತ್ತದೆ.

ಹಂತ 3: ಅಪರಾಧಿಯ ಪತ್ತೆ. 1883ರಲ್ಲಿ ಇಂಗ್ಲೆಂಡಿನ ಬೀಚಮ್ ಟವರ್ ಎಂಬ ಎಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್ ಪರೀಕ್ಷಿಸುತ್ತ, ಅದರ ನೆತ್ತಿಗೆ ತೂತು ಕೊರೆದರು. ತೂತಿನಿಂದ ಎಣ್ಣೆ ಮೇಲೆದ್ದಿತು. ಮರದ ಬೆಣೆ ಜಡಿದರೆ ಬೆಣೆಯನ್ನೇ ಹೊರಗೆ ದಬ್ಬಿತು. ಅಂದರೆ ತಿರುಗುವ ಶಾಫ್ಟು ಲೋಹದ ಮೇಲೆ ಕೂತಿರುವುದಿಲ್ಲ, ಎಣ್ಣೆಯ ಮೇಲೆ ತೇಲುತ್ತಿರುತ್ತದೆ. ನಮ್ಮ ಜೀಪಿನಂಥ ಎಂಜಿನ್ನಿನಲ್ಲಿ ಆ ಎಣ್ಣೆಗಿರುವ ಸಂದು ಮಿಲಿಮೀಟರಿನ ನೂರರಲ್ಲಿ ಐದು ಭಾಗದ ಆಸುಪಾಸು, ಕೂದಲೆಳೆಯಷ್ಟು. ಅದರೊಳಗೆ ಮರಳಿನ ಕಣವೊಂದು ನುಗ್ಗಿದರೆ ಏನಾದೀತು, ಯೋಚಿಸಿ.

ನನ್ನ ಜೀಪಿನ ಬೇರಿಂಗ್ ಸವೆದು, ನಾನು ಬೇರಿಂಗ್ ಕಂಪನಿಯನ್ನು ಬೈಯುತ್ತಿದ್ದಾಗ ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: “ಬೇರಿಂಗ್ ತಾನಾಗೇ ಸಾಯಲ್ಲ ಸಾರ್. ಫಿಲ್ಟರ್ ಯಾವಾಗ ಹಾಕ್ಸಿದ್ರಿ?”

ಆಯಿಲ್ ಮೂರು ಸಲ ಬದಲಿಸಿದ್ದೆ. ಫಿಲ್ಟರಿನ ದುಡ್ಡು ಮೂರು ಸಲವೂ ಉಳಿಸಿದ್ದೆ. ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಒಣಗದಿರಲೆಂದು ಬೈಪಾಸ್ ವಾಲ್ವ್ ತೆರೆದುಕೊಳ್ಳುತ್ತದೆ. ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಮೊದಲು ಮಾಲೀಕರು ಕನ್ನಡಿ ನೋಡಿಕೊಳ್ಳತಕ್ಕದ್ದು.

ಹಂತ 4: ಶುದ್ಧಿ. ಹೊಸ ಬೇರಿಂಗನ್ನು ಇನ್ನೂ ಪೊಟ್ಟಣದಿಂದ ತೆಗೆಯಬೇಡಿ. ಮೊದಲು ಚೇಂಬರ್ ಇಳಿಸಿ. (ಪುಸ್ತಕದಲ್ಲಿ ಇದಕ್ಕೆ ಸಂಪು ಎಂದಿರುತ್ತದೆ, ಅಂಗಳದ ನೀರಿನ ಸಂಪಿನಷ್ಟೇ ಕಸ ಇದರ ತಳದಲ್ಲೂ ಇರುತ್ತದೆ.) ಜಾಲರಿ, ಆಯಿಲ್ ಪಂಪು, ಪ್ರೆಶರ್ ವಾಲ್ವ್ ಬಿಚ್ಚಿ ನೋಡಿ. ಬ್ಲಾಕಿನ ಆಯಿಲ್ ದಾರಿಗಳ ಬಿರಡೆ ತೆಗೆದು, ಉದ್ದನೆಯ ಬ್ರಷ್ ಹಾಕಿ ಉಜ್ಜಿ, ಡೀಸೆಲ್‌ನಲ್ಲಿ ತೊಳೆದು ಗಾಳಿ ಹೊಡೆಯಿರಿ. ಕ್ರ್ಯಾಂಕಿನ ಒಳಗೇ ಕೊರೆದ ತೂತುಗಳನ್ನು ಮರೆಯುವವರೇ ಹೆಚ್ಚು. ಪುಡಿ ಅಡಗಿ ಕೂರುವುದೂ ಅಲ್ಲೇ. ಬಿಳಿ ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ನಿಲ್ಲಿಸಬೇಡಿ. ಆಯಿಲ್ ಕೂಲರ್ ಇದ್ದರೆ ಅದನ್ನು ಬದಲಿಸುವುದೇ ಲೇಸು. ಅದರ ಇಕ್ಕಟ್ಟಿನಲ್ಲಿ ಏನು ಉಳಿದಿದೆಯೆಂದು ಇಣುಕಿ ನೋಡಲಾಗದು.

ಕ್ರ್ಯಾಂಕನ್ನು ಮೈಕ್ರೋಮೀಟರಿನಲ್ಲಿ ಅಳೆಸಿ. ಗೀರು ಬಿದ್ದಿದ್ದರೆ ಗ್ರೈಂಡಿಂಗ್ ಅಂಗಡಿಯವರು ಸಾಮಾನ್ಯವಾಗಿ 0.25 ಮಿಲಿಮೀಟರಿನ ಲೆಕ್ಕದಲ್ಲಿ ಸವೆಸಿ, ಆ ಅಳತೆಯ ಬೇರಿಂಗ್ ಹೇಳುತ್ತಾರೆ.

ಎಚ್ಚರಿಕೆ: “ತೊಳೆಯೋದೆಲ್ಲ ಬೇಡ, ಬೇರಿಂಗ್ ಹಾಕಿಕೊಡಿ ಸಾಕು” ಎನ್ನುವುದು ಎಂಜಲೆಲೆಯಲ್ಲೇ ಎರಡನೇ ಪಂಕ್ತಿ ಬಡಿಸಿದ ಹಾಗೆ. ನಾನು ಹಾಗೆಂದೆ. ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಟೀ ಕುಡಿಯಲು ಹೋದರು. ನಾನು ಮಾತು ವಾಪಸು ತೆಗೆದುಕೊಂಡ ಮೇಲೆಯೇ ಬಂದರು.

ಹಂತ 5: ಮರುಜನ್ಮ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ. ಸ್ಟಾಪರ್ ಎಳೆದು ಹಿಡಿದು, ಡೀಸೆಲ್ ಹೋಗದಂತೆ ಎಂಜಿನ್ ತಿರುಗಿಸಿ; ಪ್ರೆಶರ್ ಮುಳ್ಳು ಎದ್ದ ಮೇಲೆಯೇ ಸ್ಟಾರ್ಟ್. ಕೆಲವು ನೂರು ಕಿಲೋಮೀಟರ್ ಓಡಿಸಿ, ಆಯಿಲ್ ಇಳಿಸಿ, ಫಿಲ್ಟರನ್ನು ಮತ್ತೆ ಕತ್ತರಿಸಿ.

ಮೇಸ್ತ್ರಿ ಕತ್ತರಿಸಿದರು. ಕಾಗದದ ಒಂದೊಂದೇ ಮಡಿಕೆ ಬಿಡಿಸಿ, ಬಿಸಿಲಿಗೆ ಹಿಡಿದು ಹೇಳಿದರು: “ಏನೂ ಇಲ್ಲ ಸಾರ್.”

ಆ ‘ಏನೂ ಇಲ್ಲ’ದ ಬಿಲ್ಲನ್ನು ಜೋಪಾನವಾಗಿಟ್ಟಿದ್ದೇನೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕ ಮೊತ್ತ ಫಿಲ್ಟರಿನದು.