ಸಮಾಧಾನಕರ ಬಹುಮಾನ

ನಮ್ಮ ಬಚ್ಚಲಿನಲ್ಲಿ ಒಂದು ಹಸಿರು ಪ್ಲಾಸ್ಟಿಕ್ ಬಾಲ್ದಿ ಉಂಟು. ದುಡ್ಡು ಕೊಟ್ಟು ತಂದದ್ದಲ್ಲ, ಜ್ಞಾನದಿಂದ ಸಂಪಾದಿಸಿದ್ದು. ಸರಿಯಾಗಿ ಹೇಳಬೇಕೆಂದರೆ ಅಜ್ಞಾನದಿಂದ. ಸಂತೆಕಟ್ಟೆಯ ಹತ್ತಿರ ಒಂದು ಯುವಕ ಮಂಡಲದ ವಾರ್ಷಿಕೋತ್ಸವದ ರಸಪ್ರಶ್ನೆಯಲ್ಲಿ ನನಗೆ ಬಂದ ಸಮಾಧಾನಕರ ಬಹುಮಾನ ಅದು.

ಸಾಮಾನ್ಯ ಜ್ಞಾನದ ಹುಚ್ಚು ನನಗೆ ಹಿಡಿದದ್ದು ಶಾಲೆಯಲ್ಲಿ, ಅದೂ ಒಂದು ತಪ್ಪು ಉತ್ತರದಿಂದ. "ಚಾಲುಕ್ಯ ಆರನೇ ವಿಕ್ರಮಾದಿತ್ಯನ ರಾಜಧಾನಿ ಯಾವುದು?" ಎಂದು ಮಾಸ್ಟ್ರು ಕೇಳಿದರು. ಹಿಂದಿನ ಬೆಂಚಿನಿಂದ ಯಾರೋ "ಕಲ್ಯಾಣ" ಎಂದು ಪಿಸುಗುಟ್ಟಿದ. ನಾನು ಎದ್ದು ನಿಂತು, "ನಮ್ಮ ಊರೇ ಸರ್, ಕಲ್ಯಾಣಪುರ!" ಎಂದೆ.

ಮಾಸ್ಟ್ರು ಕನ್ನಡಕ ತೆಗೆದರು. "ಹೌದಾ? ಅರಮನೆ ಎಲ್ಲಿ ಮಾರಾಯ, ಸ್ವರ್ಣಾ ನದಿಯ ಬದಿಯಲ್ಲಾ, ನಿಮ್ಮ ಮನೆಯ ಹಿತ್ತಿಲಲ್ಲಾ?"

ಆ ಕಲ್ಯಾಣ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣ. 1076ರಲ್ಲಿ ಪಟ್ಟಕ್ಕೆ ಬಂದ ವಿಕ್ರಮಾದಿತ್ಯ ತನ್ನ ಹೆಸರಿನಲ್ಲೇ ಹೊಸ ಶಕೆ ಶುರುಮಾಡಿದ. ಕಾಶ್ಮೀರದಿಂದ ಬಂದ ಬಿಲ್ಹಣ ಅವನ ಮೇಲೆ 'ವಿಕ್ರಮಾಂಕದೇವಚರಿತ' ಬರೆದ. ಇಷ್ಟನ್ನೂ ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಅಂದು ಸರಿ ಉತ್ತರ ಪಿಸುಗುಟ್ಟಿದವನಿಗೆ ಈಗ ಎಲ್ಲ ಮರೆತುಹೋಗಿದೆ. ಕೇಳಿ ನೋಡಿದ್ದೇನೆ.

ಎರಡನೆಯ ಪಾಠ ಕಲಿಸಿದ್ದು ನಾಯಿ. ಅಪ್ಪನ ಗ್ರಾಮಫೋನ್ ತಟ್ಟೆಗಳ ಮೇಲೊಂದು ನಾಯಿ ಇತ್ತು, ಅಮ್ಮ ದುಡ್ಡು ಇಡುತ್ತಿದ್ದ ಸಿಂಡಿಕೇಟ್ ಬ್ಯಾಂಕಿನ ಲಾಂಛನದಲ್ಲೊಂದು. ಎರಡೂ ಒಂದೇ ನಾಯಿ, ಹಗಲು ಬ್ಯಾಂಕಿನ ಕಾವಲು ಮುಗಿಸಿ ಸಂಜೆ ನಮ್ಮಲ್ಲಿ ಹಾಡು ಕೇಳಲಿಕ್ಕೆ ಬರುತ್ತದೆ ಎಂದು ತಂಗಿಯ ಹತ್ತಿರ ಪಂಥ ಕಟ್ಟಿದೆ. ನಾಲ್ಕು ಗೋಳಿಬಜೆ ಕಳೆದುಕೊಂಡೆ.

ಹಾಡು ಕೇಳುವ ನಾಯಿ ಇಂಗ್ಲೆಂಡಿನ ನಿಪ್ಪರ್. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಅದರ ಮುಂದೆ ಬಿಡಿಸಿದ್ದು ಸಿಲಿಂಡರಿನ ಫೋನೋಗ್ರಾಫನ್ನು. 1899ರಲ್ಲಿ ಗ್ರಾಮಫೋನ್ ಕಂಪನಿ ಚಿತ್ರ ಕೊಳ್ಳುವಾಗ, ಅದನ್ನು ಅಳಿಸಿ ನಮ್ಮ ಯಂತ್ರ ಬಿಡಿಸಿಕೊಡಿ ಎಂದಿತು. ನಾಯಿ ಕಿವಿ ಅಲ್ಲಾಡಿಸಲಿಲ್ಲ, ಜಾಹೀರಾತು ಲೋಕಪ್ರಸಿದ್ಧವಾಯಿತು. ಬ್ಯಾಂಕಿನ ನಾಯಿ ಮಾತ್ರ ನಮ್ಮ ಉಡುಪಿಯದ್ದೇ. 1925ರಲ್ಲಿ ಹುಟ್ಟಿದ ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಿಗೆ ಏಜೆಂಟರನ್ನು ಕಳಿಸಿ ದಿನಕ್ಕೆ ಎರಡಾಣೆಯನ್ನೂ ಕಟ್ಟಿಸಿಕೊಂಡಿತು. 2020ರ ಏಪ್ರಿಲ್ 1ರಂದು ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾಯಿ ಬೋರ್ಡಿನಿಂದ ಇಳಿದು ಹೋಯಿತು.

ಇನ್ನು ಬಾಲ್ದಿಯ ಕಥೆ. "ಗಾಯಕಿ ಸುಮನ್ ಕಲ್ಯಾಣ್‌ಪುರ್ ಹುಟ್ಟಿದ್ದು ಎಲ್ಲಿ?" ಎಂಬ ಪ್ರಶ್ನೆ ಪೂರ್ತಿ ಕೇಳುವ ಮೊದಲೇ ನಾನು ಗಂಟೆ ಬಾರಿಸಿದೆ. "ಎಲ್ಲಿ ಎಂತದು, ಇಲ್ಲೇ!" ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುವವರೆಗೆ ಕಾದು ನಿರೂಪಕರು ಹೇಳಿದರು: ಹುಟ್ಟಿದ್ದು ಢಾಕಾದಲ್ಲಿ, 1937ರಲ್ಲಿ. ತವರಿನ ಹೆಸರು ಹೆಮ್ಮಾಡಿ. ಕಲ್ಯಾಣ್‌ಪುರ್ ಎಂಬುದು ಗಂಡನ ಮನೆಯಿಂದ ಬಂದದ್ದು.

"ಹೆಮ್ಮಾಡಿ ಕುಂದಾಪುರದ ಆಚೆ ಅಲ್ವಾ ಮಾರಾಯ್ರೆ, ಜಿಲ್ಲೆ ನಮ್ಮದೇ. ಅರ್ಧ ಅಂಕವಾದರೂ ಕೊಡಿ" ಎಂದು ವಾದಿಸಿದೆ. ಕೊಡಲಿಲ್ಲ. 'ಬ್ರಹ್ಮಚಾರಿ' ಸಿನೆಮಾದಲ್ಲಿ ಅವರು ರಫಿಯ ಜೊತೆ ಹಾಡಿದ್ದನ್ನು ನನ್ನ ಅಪ್ಪ ಕೊನೆಯವರೆಗೂ ಲತಾ ಹಾಡಿದ್ದೆಂದೇ ಸಾಧಿಸುತ್ತಿದ್ದರು. ದೇಶದಲ್ಲಿ ಅರ್ಧ ಜನ ಹಾಗೇ ತಿಳಿದಿದ್ದರು ಎನ್ನಿ. ಸುಮನ್ ಅವರಿಗೆ ಪದ್ಮಭೂಷಣ ಬರುವಾಗ 2023 ಆಗಿತ್ತು. ತಪ್ಪು ಉತ್ತರ ನಮ್ಮಲ್ಲಿ ವಂಶಪಾರಂಪರ್ಯ.

ಬಾಲ್ದಿ ಹಿಡಿದು ಮನೆಗೆ ಬಂದವನು ಸುಮ್ಮನಿರಬೇಕಿತ್ತು. "ಗೊತ್ತುಂಟಾ, ಬಾಲ್ದಿ ಪೋರ್ಚುಗೀಸ್ ಶಬ್ದ" ಎಂದೆ ಹೆಂಡತಿಗೆ. "ಚಾವಿ, ಬಟಾಟೆ, ಪಾದ್ರಿ, ಎಲ್ಲ ಅವರದ್ದೇ. ಇಗರ್ಜಿ ಅಂತೇವಲ್ಲ, ಅದು ಅವರ ಇಗ್ರೇಜ. ನಮ್ಮ ಮಿಲಾಗ್ರಿಸ್ ಇಗರ್ಜಿ ಮಿಲಾಗ್ರಿಸ್ ಎಂಬ ಯಾರೋ ಪಾದ್ರಿ ಕಟ್ಟಿಸಿದ್ದು ಎಂದು ನಾನು ಎಷ್ಟು ವರ್ಷ ತಿಳಿದಿದ್ದೆ! ಪೋರ್ಚುಗೀಸಿನಲ್ಲಿ ಹಾಗೆಂದರೆ ಪವಾಡಗಳು. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗ..."

"ನಳ್ಳಿಯಲ್ಲಿ ನೀರು ಬಂತು" ಎಂದಳು ಅವಳು. "ಆ ಪೋರ್ಚುಗೀಸಿನಲ್ಲಿ ಸ್ವಲ್ಪ ಹಿಡಿದಿಡಿ."

ಹಿಡಿದಿಟ್ಟೆ. ಅಂದು ಎಲ್ಲ ಸರಿಯಾಗಿ ಹೇಳಿ ಮೊದಲ ಬಹುಮಾನ ಗೆದ್ದವರಿಗೆ ಗೋಡೆ ಗಡಿಯಾರ ಸಿಕ್ಕಿತ್ತು. ಅದು ನಿಂತು ಎರಡು ವರ್ಷವಾಯಿತಂತೆ. ನನ್ನ ಬಾಲ್ದಿ ಇನ್ನೂ ಸೋರುವುದಿಲ್ಲ.