ಜಟ್ಟಿ ಬಿದ್ದರೂ ಬ್ಯಾಟರಿ ಮಣ್ಣಾಗಲಿಲ್ಲ

(ಬೀಜಿಂಗ್, 2025ರ ಏಪ್ರಿಲ್ 19. ಮನುಷ್ಯಾಕಾರದ ರೋಬೋಗಳ ಹಾಫ್ ಮ್ಯಾರಥಾನ್ ಮುಗಿದಿದೆ. ಗೆದ್ದ ‘ತಿಯಾನ್‌ಗಾಂಗ್’ ಎದುರು, ಓಟ ಶುರುವಾಗುತ್ತಲೇ ಉರುಳಿದ್ದ ಮರಿ ರೋಬೋ.)

ಮರಿ: ಅಣ್ಣಾ, ಪೂರ್ತಿ 21 ಕಿಲೋಮೀಟರ್ ಓಡಿಬಿಟ್ಟೆಯಂತೆ!

ತಿಯಾನ್: 2 ಗಂಟೆ 40 ನಿಮಿಷ ಕಣೋ.

ಮರಿ: ಮನುಷ್ಯರ ಓಟದಲ್ಲಿ ಮೊದಲು ಬಂದವನು?

ತಿಯಾನ್: ಗಂಟೆಯ ಮೇಲೆ ಚಿಲ್ಲರೆ ನಿಮಿಷ. ಅದೇನು ಮಹಾ! ಅವನಿಗೆ ದಾರಿಯಲ್ಲಿ ಬ್ಯಾಟರಿ ಬದಲಿಸಿಕೊಳ್ಳೋಕೆ ಬರುತ್ತಾ? ನಾನು ಮೂರು ಸಲ ಬದಲಿಸಿಕೊಂಡೆ. ಒಂದು ಸಲ ಬಿದ್ದೂ ಎದ್ದೆ.

ಮರಿ: ನಿನ್ನ ಮುಂದೆ ಒಬ್ಬ ಓಡುತ್ತಿದ್ದನಲ್ಲ?

ತಿಯಾನ್: ದಾರಿ ತೋರಿಸೋಕೆ. ಅವನು ಸ್ಪರ್ಧಿಯಲ್ಲಪ್ಪ, ಸಿಬ್ಬಂದಿ! ಹೊರಟ ರೋಬೋಗಳು 21, ಗುರಿ ಮುಟ್ಟಿದ್ದು ಆರೇ. ಹಿಂದೆಮುಂದೆ ಓಡಿ ಬೆವರಿದವರು ಇಂಜಿನಿಯರುಗಳು.

(ಬೆವರು ಒಬ್ಬರದು, ಹಾರ ಇನ್ನೊಬ್ಬರಿಗೆ. ಇದೇನೂ ರೋಬೋಗಳು ತಂದ ಪದ್ಧತಿಯಲ್ಲ ಬಿಡಿ.)

ಮರಿ: ಆಗಸ್ಟ್‌ನಲ್ಲಿ ಇಲ್ಲೇ ದೊಡ್ಡ ಕ್ರೀಡಾಕೂಟವಂತೆ. ಓಟ, ಬಾಕ್ಸಿಂಗ್ ಅಷ್ಟೇ ಅಲ್ಲ, ಔಷಧಿ ವಿಂಗಡಿಸುವುದು, ಕೋಣೆ ಚೊಕ್ಕಟ ಮಾಡುವುದೂ ಪಂದ್ಯವಂತೆ!

ತಿಯಾನ್: ಕಸ ತೆಗೆದರೆ ಪದಕವೇ? ಜೀವಮಾನವಿಡೀ ತೆಗೆದ ಮನುಷ್ಯರಿಗೆ ಯಾರೂ ಕೊಡಲಿಲ್ಲವಲ್ಲೋ!

ಮರಿ: ಫುಟ್‌ಬಾಲೂ ಇದೆಯಂತೆ. ಬಿದ್ದುಬಿಟ್ಟರೆ?

ತಿಯಾನ್: ಹೆದರಬೇಡ. ಮನುಷ್ಯರು ಪೆನಾಲ್ಟಿಗಾಗಿ ಬೇಕೆಂದೇ ಬೀಳುತ್ತಾರೆ. ನಾವು ಪ್ರಾಮಾಣಿಕರು, ನಿಜವಾಗಿಯೇ ಬೀಳುತ್ತೇವೆ.

(ಈ ಶತಮಾನದ ನಡುಭಾಗದ ಹೊತ್ತಿಗೆ ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನು ರೋಬೋಗಳು ಸೋಲಿಸಬೇಕು: ಇದು 1997ರಲ್ಲಿ ಮೊದಲ ಪಂದ್ಯಾವಳಿ ನಡೆಸಿದ ರೋಬೋಕಪ್ ಎಂಬ ರೋಬೋ ಫುಟ್‌ಬಾಲ್ ಕೂಟದವರ ಗುರಿ. ಗಡುವಿಗೆ ಇನ್ನೂ ಸುಮಾರು ಕಾಲು ಶತಮಾನವಿದೆ.)