ಇನ್ನೊಂದು ಸಣ್ಣ ವಿಷಯ, ಡಾಕ್ಟರೇ

ಅಪ್ಪ-ಅಮ್ಮಂದಿರು ಡಾಕ್ಟರಿಗೆ ಬರೆಯುವ ಕೃತಜ್ಞತೆಯ ಪತ್ರವನ್ನು ಯಾವತ್ತೂ ತಳದಿಂದ ಓದಲು ಶುರು ಮಾಡಬೇಕು. ಮೇಲಿನ ಭಾಗ ಎಲ್ಲರಿಗೂ ಬಾಯಿಪಾಠ: “ತಾವು ದೇವರ ಹಾಗೆ ಬಂದಿರಿ, ಹೋದ ಜೀವ ಬಂತು, ನಿಮ್ಮ ಋಣ ಏಳು ಜನ್ಮಕ್ಕೂ ತೀರದು.” ಅಸಲು ಸಮಾಚಾರ ಇರುವುದು ಸಹಿಯ ಕೆಳಗೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಜಾಗ ಮುಗಿದು, ಅಂಚಿನುದ್ದಕ್ಕೂ ಇರುವೆ ಸಾಲಿನಂತೆ ಹತ್ತಿಕೊಂಡು ಹೋದ ಅಕ್ಷರಗಳಲ್ಲಿ: “ಇನ್ನೊಂದು ಸಣ್ಣ ವಿಷಯ ಡಾಕ್ಟರೇ, ಎರಡನೆಯವನಿಗೆ ಕಿವಿ ಸೋರುತ್ತಿದೆ.”

ಏಳು ಜನ್ಮದ ಋಣ ಇದೇ ಜನ್ಮದಲ್ಲಿ, ಅದೂ ಅದೇ ಪತ್ರದಲ್ಲಿ ಎಂಟಕ್ಕೇರಿತು ನೋಡಿ.

ನಮ್ಮ ಪತ್ರಿಕೆಗಳ ವೈದ್ಯಕೀಯ ಸಲಹೆಯ ಅಂಕಣಕ್ಕೆ ಬರೆಯುವವರ ಹೆಸರುಗಳೇ ಒಂದು ಸೊಗಸು. ‘ನೊಂದ ತಾಯಿ, ಅರಸೀಕೆರೆ’, ‘ಚಿಂತಾಕ್ರಾಂತ ತಂದೆ, ಚಿಂತಾಮಣಿ’. ಗಂಡಸರು ಇನ್ನೊಂದು ಹೆಜ್ಜೆ ಮುಂದೆ: “ನನ್ನ ಸ್ನೇಹಿತರೊಬ್ಬರ ಮಗ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ.” ಪಾಪ, ಆ ಸ್ನೇಹಿತರಿಗೆ ಪೆನ್ನು ಸಿಕ್ಕಿರಲಿಲ್ಲ. ಸಲಹೆ ಫಲಿಸಿ ಧನ್ಯವಾದ ಹೇಳುವ ಹೊತ್ತಿಗೆ ಮಾತ್ರ ಸ್ನೇಹಿತರು ಮಾಯವಾಗಿ ‘ನನ್ನ ಮಗ’ ಪ್ರತ್ಯಕ್ಷನಾಗುತ್ತಾನೆ.

ಅತಿ ಹಳೆಯ ದೂರು ಯಾವುದೆಂದು ಬೇರೆ ಹೇಳಬೇಕೆ? “ಮಗು ಏನೂ ತಿನ್ನುವುದಿಲ್ಲ.” ಈ ಪತ್ರದಲ್ಲಿ ಎಲ್ಲವೂ ಇರುತ್ತದೆ. ಅಜ್ಜಿ ಬಜೆ ತೇಯ್ದು ನೆಕ್ಕಿಸಿದ್ದು, ದೃಷ್ಟಿ ತೆಗೆದದ್ದು, ನಾದಿನಿಯ ಮಗು ಗುಂಡುಗುಂಡಾಗಿರುವುದು, ಆ ನಾದಿನಿ ಹಬ್ಬದ ದಿನ ಎಲ್ಲರೆದುರು ಆಡಿದ ಮಾತು. ಮಗುವಿನ ತೂಕ ಒಂದು ಇರುವುದಿಲ್ಲ. ಡಾಕ್ಟರು ತಾಳ್ಮೆಯಿಂದ ಲೆಕ್ಕ ಬಿಡಿಸಬೇಕು: ಹುಟ್ಟಿದಾಗ 3 ಕಿಲೊ ಇದ್ದ ಕೂಸು ಐದು ತಿಂಗಳಿಗೆ ಅದರ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು, ಅಂದರೆ 9 ಕಿಲೊ ತೂಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡೋ ಮೂರೋ ಕಿಲೊ ಅಷ್ಟೇ. ಬೆಳವಣಿಗೆಯೇ ನಿಧಾನವಾದ ಮೇಲೆ ಹಸಿವೂ ತಗ್ಗುತ್ತದೆ, ಅದು ರೋಗವಲ್ಲ. ಮಗುವಿಗೆ ಈ ಗಣಿತ ಗೊತ್ತು, ತಟ್ಟೆ ಹಿಡಿದು ಚಂದಮಾಮನನ್ನು ತೋರಿಸುತ್ತ ಬೀದಿ ಸುತ್ತುವ ಅಮ್ಮನಿಗೆ ಗೊತ್ತಿಲ್ಲ.

ಇನ್ನು ಎಳೆಗೂಸು ಸಂಜೆಯಾದರೆ ಚೀರುವ ಪ್ರಕರಣ. ಈ ಅಳು ಆರನೆಯ ವಾರದ ಸುಮಾರಿಗೆ ತಾರಕಕ್ಕೇರಿ, ಮೂರು-ನಾಲ್ಕು ತಿಂಗಳಿಗೆ ತಾನಾಗಿ ಇಳಿಯುವುದು ಸಾಮಾನ್ಯ. ಅಮ್ಮ ಪತ್ರ ಬರೆದು, ಅದು ಪತ್ರಿಕಾ ಕಚೇರಿ ಮುಟ್ಟಿ, ಸರದಿ ಬಂದು ಉತ್ತರ ಅಚ್ಚಾಗುವಷ್ಟರಲ್ಲಿ ಕೂಸು ಗಡದ್ದಾಗಿ ನಿದ್ದೆ ಹೊಡೆಯುತ್ತಿರುತ್ತದೆ. ಡಾಕ್ಟರಿಗೆ ಧನ್ಯವಾದದ ಮಳೆ. ನ್ಯಾಯವಾಗಿ ಅದರಲ್ಲಿ ಅರ್ಧ ಅಂಚೆ ಇಲಾಖೆಯ ಪಾಲು.

ಕನ್ನಡಿಗರಿಗೆ ಬರೆಯಬಲ್ಲ ಡಾಕ್ಟರುಗಳು ಸಿಕ್ಕಿದ್ದು ಪುಣ್ಯ. ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಎಷ್ಟೋ ಬಾಣಂತಿಯರ ಪಾಲಿಗೆ ತಲೆದಿಂಬಿನ ಪಕ್ಕದ ಡಾಕ್ಟರಾದರು. ಡಾಕ್ಟರ್ ಎಂ. ಶಿವರಾಂ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ‘ರಾಶಿ’ಯಾಗಿ 1942ರಲ್ಲಿ ‘ಕೊರವಂಜಿ’ ಹೊರಡಿಸಿದರು. ಇಡೀ ದಿನ ಜನರ ಕಾಯಿಲೆಯ ವರ್ಣನೆ ಕೇಳಿದವರಿಗೆ ನಗೆಪತ್ರಿಕೆಗೆ ಸರಕು ಹುಡುಕುವ ತಾಪತ್ರಯ ಇರಲಿಕ್ಕಿಲ್ಲ ಎಂಬುದು ನನ್ನ ಗುಮಾನಿ.

ಪತ್ರದಲ್ಲೇ ಡಾಕ್ಟರನ್ನು ಕೇಳುವುದು ನಮ್ಮ ಊರಿನ ಚಾಳಿ ಮಾತ್ರ ಅಂದುಕೊಳ್ಳಬೇಡಿ. ಹದಿನೆಂಟನೆಯ ಶತಮಾನದ ಎಡಿನ್‌ಬರೋದಲ್ಲಿ ವಿಲಿಯಂ ಕಲೆನ್ ಎಂಬ ಪ್ರಸಿದ್ಧ ವೈದ್ಯರಿದ್ದರು. ಮುಖ ನೋಡದ ರೋಗಿಗಳಿಗೂ ಅಂಚೆಯಲ್ಲೇ ಔಷಧಿ, ಪಥ್ಯ, ಕುದುರೆ ಸವಾರಿ ಬರೆದುಕೊಡುತ್ತಿದ್ದರು. ಬರೆದ ಉತ್ತರಗಳ ನಕಲು ಇಡಲು ಜೇಮ್ಸ್ ವಾಟ್ ಕಂಡುಹಿಡಿದ ಪ್ರತಿ ತೆಗೆಯುವ ಯಂತ್ರವನ್ನೇ ಮನೆಗೆ ತರಿಸಿದರು. ಆ ಸಾವಿರಾರು ಪತ್ರಗಳು ಇಂದಿಗೂ ಅಲ್ಲಿನ ವೈದ್ಯರ ಕಾಲೇಜಿನಲ್ಲಿವೆ. ಒಂದೇ ವ್ಯತ್ಯಾಸ, ಅಲ್ಲಿ ಪತ್ರದ ಜೊತೆ ಗಿನಿ ನಾಣ್ಯದ ಶುಲ್ಕ ಹೋಗುತ್ತಿತ್ತು. ನಮ್ಮಲ್ಲಿ ಸ್ವವಿಳಾಸದ ಲಕೋಟೆ ಹೋಗುತ್ತಿತ್ತು, ಕೆಲವೊಮ್ಮೆ ಸ್ಟಾಂಪು ಹಚ್ಚದೆ.

ಈಗ ಪತ್ರವೂ ಇಲ್ಲ, ಲಕೋಟೆಯೂ ಇಲ್ಲ. 2020ರ ಮಾರ್ಚಿನಲ್ಲಿ ಬಂದ ದೂರವೈದ್ಯ ಮಾರ್ಗಸೂಚಿ ವಿಡಿಯೋ, ಧ್ವನಿ, ಬರೆದ ಸಂದೇಶ ಮೂರಕ್ಕೂ ದಾರಿ ಬಿಟ್ಟಿತು. ಅಪ್ಪಂದಿರು ನಾಲ್ಕನೆಯದನ್ನು ತಾವೇ ಸೇರಿಸಿದರು: ಡೈಪರಿನ ಫೋಟೊ. ಡಾಕ್ಟರು ತಿಂಡಿಗೆ ಕೂತ ಹೊತ್ತಿಗೆ ಸರಿಯಾಗಿ, ಮೇಲಿಂದ ಒಂದು, ಪಕ್ಕದಿಂದ ಒಂದು.

ಇಷ್ಟೆಲ್ಲದರ ನಡುವೆ ಒಂದು ಬಗೆಯ ಉತ್ತರಕ್ಕೆ ಮಾತ್ರ ಯಾರೂ ಧನ್ಯವಾದ ಹೇಳುವುದಿಲ್ಲ: “ಪತ್ರ ಬರೆಯುತ್ತ ಕೂರಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ.” ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಭೇದಿಯಾಗಿ ಕಣ್ಣು ಗುಳಿಬಿದ್ದು ಉಚ್ಚೆ ಕಡಿಮೆಯಾದರೆ ಬಲ್ಲ ಡಾಕ್ಟರು ಬರೆಯುವುದು ಇಷ್ಟೇ. ಓದಿದವರಿಗೆ ಸಿಟ್ಟು ಬರುತ್ತದೆ, ಇಷ್ಟು ಹೇಳಲು ಡಾಕ್ಟರೇ ಬೇಕಿತ್ತಾ ಎಂದು. ನನ್ನ ಕೇಳಿದರೆ, ಏಳು ಜನ್ಮದ ಋಣ ಸಲ್ಲಬೇಕಾದದ್ದು ಆ ಉತ್ತರಕ್ಕೇ.

ಆದ್ದರಿಂದ ಓದುಗ ಮಹಾಶಯರೇ, ಎಂದೋ ಅಂಥ ಒರಟು ಉತ್ತರ ಕೊಟ್ಟ ಡಾಕ್ಟರು ನಿಮಗಿದ್ದರೆ ಇವತ್ತೇ ಎರಡು ಸಾಲು ಬರೆದು ಹಾಕಿ, ಪೋಸ್ಟ್‌ಕಾರ್ಡು ಈಗಲೂ 50 ಪೈಸೆ. ಸಹಿಯ ಕೆಳಗೆ ಏನೂ ಬರೆಯಬೇಡಿ. ಬರೆಯದಿದ್ದರೆ ಕೈ ಕಡಿಯುತ್ತದೆ ಅಂತಾದರೆ, ಮಗುವಿನ ತೂಕ ಬರೆಯಿರಿ.